ಸೈಕಲ್ ತಂಡದ ಸಂಸಾರ

ಕ್ರಿಕೆಟ್ಟಿನ ಮೈದಾನಕ್ಕೆ ಗೋಡೆಯುಂಟು, ಗೋಡೆಗೆ ಬಾಗಿಲುಂಟು, ಬಾಗಿಲಲ್ಲಿ ಚೀಟಿ ಹರಿಯುವವನುಂಟು. ಕುಸ್ತಿಯ ಕಣಕ್ಕೂ ನಾಟಕದ ಡೇರೆಗೂ ಇದೇ ಏರ್ಪಾಡು. ನೋಡಬೇಕೆಂಬವನು ಕಾಸು ಬಿಚ್ಚಬೇಕು. ಆ ಕಾಸಿನಿಂದ ಆಡುವವನ ಮನೆಯ ಒಲೆ ಉರಿಯಬೇಕು. ಆದರೆ ಊರಿಂದೂರಿಗೆ ಬೆಟ್ಟ ಬಯಲುಗಳನ್ನು ದಾಟಿಕೊಂಡು ಹೋಗುವ ಸೈಕಲ್ ಪಂದ್ಯಕ್ಕೆ ಗೋಡೆ ಕಟ್ಟುವವರಾರು? ಫ್ರಾನ್ಸ್ ದೇಶದ ಹೆಸರಾಂತ ‘ಟೂರ್ ದ ಫ್ರಾನ್ಸ್’ ಪಂದ್ಯ ಮೂರು ವಾರಗಳಲ್ಲಿ, ೨೧ ಮಜಲುಗಳಲ್ಲಿ, ಹೆಚ್ಚುಕಡಮೆ ೩,೪೦೦ ಕಿಲೋಮೀಟರು ದಾರಿಯನ್ನು ಸುತ್ತುತ್ತದೆ. ಲಕ್ಷಾಂತರ ಜನ ಬುತ್ತಿ ಕಟ್ಟಿಕೊಂಡು ಬಂದು, ದಾರಿಯ ಬದಿಯಲ್ಲಿ ಕೊಡೆ ಹಿಡಿದು ಕುಳಿತು ನೋಡುತ್ತಾರೆ. ಅವರಲ್ಲಿ ಯಾರೂ ನೋಡಿದ್ದಕ್ಕಾಗಿ ಒಂದು ಕಾಸು ಕೊಡುವುದಿಲ್ಲ. ಹಾಗಿದ್ದ ಮೇಲೆ ಮೂರು ವಾರ ಬೆವರು ಸುರಿಸುವ ಆ ಸವಾರರಿಗೆ ಸಂಬಳ ಕೊಡುವವರು ಯಾರು, ಎಲ್ಲಿಂದ ಕೊಡುತ್ತಾರೆ ಎಂಬುದು ಕೇಳತಕ್ಕ ಪ್ರಶ್ನೆಯೇ ಸರಿ.

ನಮ್ಮ ಕರಾವಳಿಯ ಓದುಗರಿಗೆ ಇದನ್ನು ತಿಳಿಸುವುದು ಸುಲಭ. ಯಕ್ಷಗಾನದಲ್ಲಿ ಡೇರೆಯ ಮೇಳವೆಂಬುದೊಂದು, ಬಯಲಾಟದ ಮೇಳವೆಂಬುದೊಂದು. ಡೇರೆಯ ಮೇಳ ಟಿಕೇಟಿನಿಂದ ಬದುಕುತ್ತದೆ. ಬಯಲಾಟಕ್ಕೆ ಟಿಕೇಟಿಲ್ಲ, ಹರಕೆ ಹೊತ್ತ ಗೃಹಸ್ಥನು ವೀಳ್ಯ ಕೊಟ್ಟು ಆಡಿಸುತ್ತಾನೆ, ಊರೆಲ್ಲ ಬಂದು ಪುಕ್ಕಟೆ ನೋಡುತ್ತದೆ. ಯುರೋಪಿನ ವೃತ್ತಿಪರ ಸೈಕಲ್ ತಂಡ ಈ ಎರಡನೆಯ ಜಾತಿಯದು. ಒಂದೇ ಒಂದು ವ್ಯತ್ಯಾಸ. ಬಯಲಾಟದ ಮೇಳಕ್ಕೆ ದೇವರ ಹೆಸರು ಇರುತ್ತದೆ, ಅದು ತಲೆಮಾರುಗಳವರೆಗೂ ಬದಲಾಗುವುದಿಲ್ಲ. ಸೈಕಲ್ ತಂಡಕ್ಕೆ ಹಣ ಕೊಟ್ಟವನ ಹೆಸರೇ ಹೆಸರು. ಆತ ಕೈಬಿಟ್ಟ ದಿನ ಹೆಸರೂ ಹೋಯಿತು, ಅಂಗಿಯ ಬಣ್ಣವೂ ಹೋಯಿತು, ಅನೇಕ ಸಲ ತಂಡವೇ ಹೋಯಿತು.

ಈ ಪದ್ಧತಿ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ. ಟೂರ್ ಪಂದ್ಯವನ್ನು ೧೯೦೩ರಲ್ಲಿ ಆರಂಭಿಸಿದ್ದು ‘ಲೋತೊ’ ಎಂಬ ಪತ್ರಿಕೆ. ಉದ್ದೇಶ ಕ್ರೀಡೋದ್ಧಾರವಲ್ಲ, ಪತ್ರಿಕೆಯ ಮಾರಾಟ. ಮಾರಾಟವೇನೋ ಏರಿತು. ಮುಂದಿರುವವನಿಗೆ ೧೯೧೯ರಿಂದ ತೊಡಿಸುತ್ತ ಬಂದ ಹಳದಿ ಅಂಗಿಯೂ ಆ ಪತ್ರಿಕೆಯ ಕಾಗದದ ಬಣ್ಣದ್ದೇ. ಆ ಕಾಲದಲ್ಲಿ ತಂಡಗಳನ್ನು ಸಾಕುತ್ತಿದ್ದವರು ಸೈಕಲ್ಲು ಮತ್ತು ಟಯರಿನ ಕಾರ್ಖಾನೆಯವರು. ಗೆದ್ದವನು ತುಳಿದ ಸೈಕಲ್ಲನ್ನೇ ಜನ ಕೊಳ್ಳುತ್ತಾರಲ್ಲವೆ? ಲೆಕ್ಕ ನೇರವಾಗಿತ್ತು. ಪಂದ್ಯದ ಧಣಿ ಆನ್ರಿ ದೆಗ್ರಾಂಜ್‌ಗೆ ಈ ಕಾರ್ಖಾನೆಯವರ ಒಳಸಂಚುಗಳು ಸಹಿಸದೆ, ೧೯೩೦ರಲ್ಲಿ ಅವರನ್ನು ಹೊರಗಟ್ಟಿ ದೇಶಕ್ಕೊಂದು ತಂಡವೆಂದು ಮಾಡಿದನು. ಖರ್ಚಿಗಾಗಿ ಪಂದ್ಯದ ಮುಂದೆ ಜಾಹೀರಾತು ಗಾಡಿಗಳ ಮೆರವಣಿಗೆಯನ್ನು ಹೊರಡಿಸಿದನು. ಟೂರ್‌ನಲ್ಲಿ ಈ ಏರ್ಪಾಡು ೧೯೬೧ರವರೆಗೆ ನಡೆಯಿತು. ೧೯೬೨ರಲ್ಲಿ ವ್ಯಾಪಾರದ ತಂಡಗಳು ಮರಳಿದವು.

ಅಷ್ಟರಲ್ಲಿ ಕಾಲ ತಿರುಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಜನ ಸೈಕಲ್ಲು ಬಿಟ್ಟು ಸ್ಕೂಟರನ್ನೂ ಮೋಟಾರನ್ನೂ ಹಿಡಿದರು. ಸೈಕಲ್ ಕಾರ್ಖಾನೆಗಳ ಕೈ ಬಿಗಿಯಾಯಿತು. ಆಗ ಇಟಲಿಯ ಹಿರಿಯ ಸವಾರ ಫಿಯೊರೆನ್ಜೊ ಮಾನ್ಯಿ ಒಂದು ಉಪಾಯ ಕಂಡುಹಿಡಿದನು. ೧೯೫೪ರಲ್ಲಿ ಆತ ಮುಖಕ್ಕೆ ಹಚ್ಚುವ ನಿವಿಯಾ ಲೇಪದ ಕಂಪನಿಯನ್ನು ಒಪ್ಪಿಸಿ ಅದರ ಹೆಸರನ್ನು ಅಂಗಿಯ ಮೇಲೆ ಬರೆಸಿಕೊಂಡನು. ನಮ್ಮ ಅಂಗಡಿಗಳಲ್ಲೂ ನೀಲಿ ಡಬ್ಬಿಯಲ್ಲಿ ಸಿಕ್ಕುವುದಲ್ಲ, ಅದೇ. ಮುಖಲೇಪಕ್ಕೂ ಸೈಕಲ್ಲಿಗೂ ಏನು ಸಂಬಂಧವೆಂದು ಹಿರಿಯರು ಮುಖ ಕಿವುಚಿದರು. ಫ್ರಾನ್ಸಿನಲ್ಲಿ ರಾಫಾಯೆಲ್ ಜೆಮಿನಿಯಾನಿ ಎಂಬವನು ‘ಸೇಂಟ್ ರಾಫಾಯೆಲ್’ ಎಂಬ ಪಾನೀಯದ ಹೆಸರನ್ನು ತೊಟ್ಟುಬಂದನು. ಅಧಿಕಾರಿಗಳು ತಡೆದಾಗ, ಅದು ನನ್ನ ಸ್ವಂತ ಹೆಸರಲ್ಲವೆ, ನನ್ನ ಹೆಸರನ್ನು ನಾನು ಬರೆದುಕೊಳ್ಳಬಾರದೆ ಎಂದು ವಾದಿಸಿದನೆಂದು ಕಥೆ. ಈ ಚತುರ ಮುದುಕ ೨೦೨೪ರವರೆಗೆ, ೯೯ ವರ್ಷ, ಬದುಕಿದ್ದನು. ಅವರಿಬ್ಬರು ತೆರೆದ ಬಾಗಿಲಿನಿಂದ ಅಂದಿನಿಂದ ಕಾಫಿ ಯಂತ್ರದವರು, ಸಾಸೇಜಿನವರು, ಬ್ಯಾಂಕಿನವರು, ಲಾಟರಿಯವರು, ನೆಲಕ್ಕೆ ಹಾಸುವ ಹಲಗೆಯವರು ಎಲ್ಲರೂ ಒಳಗೆ ಬಂದರು. ಬಂದಷ್ಟೇ ಸುಲಭವಾಗಿ ಹೋದರು.

ಈಗ ಒಂದು ತಂಡದ ಜಮಾಖರ್ಚಿನ ಪುಸ್ತಕವನ್ನು ಬಿಚ್ಚೋಣ. ಜಮೆಯ ಕಡೆ ಬರೆಯುವುದಕ್ಕೆ ಹೆಚ್ಚೇನೂ ಇಲ್ಲ. ಮೈದಾನವಿಲ್ಲ, ಟಿಕೇಟಿಲ್ಲ. ಟೆಲಿವಿಷನ್ನಿನವರು ಕೊಡುವ ಹಣ ಪಂದ್ಯ ನಡೆಸುವವರಿಗೆ ಸೇರಿದ್ದು, ಓಡುವವರಿಗಲ್ಲ. ಟೂರ್‌ನ ಹಕ್ಕು ಅಮೋರಿ ಎಂಬ ಮನೆತನದ ಸಂಸ್ಥೆಯ ಕೈಯಲ್ಲಿದೆ. ಕಾಲ್ಚೆಂಡಿನ ಕ್ಲಬ್ಬುಗಳು ತಾವು ಬೆಳೆಸಿದ ಹುಡುಗನನ್ನು ದೊಡ್ಡ ಕ್ಲಬ್ಬಿಗೆ ಬಿಟ್ಟುಕೊಟ್ಟು ಕೋಟಿಗಟ್ಟಲೆ ಪಡೆಯುತ್ತವೆ. ಸೈಕಲ್ಲಿನಲ್ಲಿ ಬಹುಮಟ್ಟಿಗೆ ಕರಾರು ಮುಗಿದ ಸವಾರ ಸಲಾಮು ಹೇಳಿ ಹೊರಟುಬಿಡುತ್ತಾನೆ. ಇನ್ನು ಬಹುಮಾನ. ಈಚಿನ ವರ್ಷಗಳಲ್ಲಿ ಟೂರ್ ಗೆದ್ದವನಿಗೆ ೫ ಲಕ್ಷ ಯೂರೋ, ಒಂದು ಮಜಲು ಗೆದ್ದವನಿಗೆ ೧೧,೦೦೦ ಯೂರೋ. ಅದನ್ನೂ ಗೆದ್ದವನು ಜೇಬಿಗಿಳಿಸುವುದಿಲ್ಲ. ಸಂಗಡಿಗರಿಗೂ ಸೇವಕವರ್ಗಕ್ಕೂ ಹಂಚುವುದು ಹಳೆಯ ಸಂಪ್ರದಾಯ. ಒಳ್ಳೆಯ ಸಂಪ್ರದಾಯವೆಂದೇ ನನ್ನ ಮತ. ಇವೆಲ್ಲವನ್ನೂ ಕೂಡಿದರೂ ಉಪ್ಪಿನಕಾಯಿಗೆ ಸಾಲದು. ಊಟವೆಲ್ಲ ಅಂಗಿಯ ಮೇಲೆ ಹೆಸರು ಬರೆಸಿದವನ ಕೊಡುಗೆಯಿಂದಲೇ ಬರಬೇಕು.

ಖರ್ಚಿನ ಕಡೆಗೆ ಪುಟ ಸಾಲದು. ಅಗ್ರಶ್ರೇಣಿಯ ತಂಡದಲ್ಲಿ ಸುಮಾರು ೩೦ ಸವಾರರು. ಟೂರ್‌ಗೆ ಹೋಗುವವರು ಅವರಲ್ಲಿ ಎಂಟೇ ಮಂದಿ. ಆದರೆ ಅದೇ ದಿನ ಬೇರೊಂದು ದೇಶದಲ್ಲಿ ಬೇರೊಂದು ಪಂದ್ಯ ನಡೆಯುತ್ತಿರುತ್ತದೆ, ಅಲ್ಲಿಗೂ ಜನ ಬೇಕು. ಸವಾರರಷ್ಟೇ ಮಂದಿ, ಕೆಲವೊಮ್ಮೆ ಅವರಿಗಿಂತ ಹೆಚ್ಚು ಮಂದಿ, ಹಿಂದೆ ದುಡಿಯುವವರು. ಕಾರಿನಲ್ಲಿ ಕುಳಿತು ತಂತ್ರ ಹೇಳುವ ನಿರ್ದೇಶಕ, ವೈದ್ಯ, ಬಸ್ಸಿನ ಚಾಲಕ, ಮೆಕ್ಯಾನಿಕ್ಕುಗಳು. ಇವರ ಜೊತೆಗೆ ಫ್ರೆಂಚರು ‘ಸ್ವಾನ್ಯರ್’ ಎಂದು ಕರೆಯುವ ಒಂದು ವರ್ಗವುಂಟು. ಮಾಲೀಸು ಮಾಡುವುದು, ಬುತ್ತಿಯ ಚೀಲ ಕಟ್ಟುವುದು, ದಾರಿಯಲ್ಲಿ ನಿಂತು ಓಡುವ ಸವಾರನ ಕೈಗೆ ಆ ಚೀಲ ಸಿಕ್ಕುವಂತೆ ಹಿಡಿಯುವುದು, ಸಂಜೆ ಬಟ್ಟೆ ಒಗೆಯುವುದು, ಎಲ್ಲ ಅವರದೇ. ಕನ್ನಡದಲ್ಲಿ ‘ಆರೈಕೆಗಾರ’ ಎಂದರೆ ಸಾಕು, ಅರ್ಥ ಒಂದಿಷ್ಟೂ ಸೋರುವುದಿಲ್ಲ.

ಸೈಕಲ್ಲುಗಳನ್ನೇನೋ ತಯಾರಕರು ಕೊಡುತ್ತಾರೆ. ಆದರೆ ಒಬ್ಬ ಸವಾರನಿಗೆ ಒಂದು ಸೈಕಲ್ಲು ಸಾಲುವುದಿಲ್ಲ. ಓಡುವುದೊಂದು, ಕೆಟ್ಟರೆ ಕಾರಿನ ನೆತ್ತಿಯ ಮೇಲೆ ಇನ್ನೊಂದು, ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡುವ ಪಂದ್ಯಕ್ಕೆ ಬೇರೆ ಆಕಾರದ್ದೊಂದು. ಪ್ರತಿ ಸಂಜೆ ಅವೆಲ್ಲವನ್ನೂ ತೊಳೆದು, ಒರೆಸಿ, ಸರಪಳಿಗೆ ಎಣ್ಣೆ ಬಿಟ್ಟು ಮಾರನೆಯ ದಿನಕ್ಕೆ ಅಣಿಮಾಡಬೇಕು. ಮಳೆಯ ದಿನ ಮೆಕ್ಯಾನಿಕ್ಕು ಮಲಗುವುದು ನಡುರಾತ್ರಿಯ ಮೇಲೆಯೇ. ಸಾಹುಕಾರ ತಂಡದಲ್ಲಿ ಈ ಕೆಲಸಕ್ಕೆ ಪಾಳಿಯಲ್ಲಿ ಜನರುಂಟು. ಬಡ ತಂಡದಲ್ಲಿ ಹಗಲು ಚಕ್ರ ಬಿಗಿದವನೇ ರಾತ್ರಿ ಲಾರಿ ಓಡಿಸುತ್ತಾನೆ. ಬೆಲ್ಜಿಯಮ್ಮಿನಿಂದ ಸ್ಪೇನಿಗೆ, ಸ್ಪೇನಿನಿಂದ ಇಟಲಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ನಾವು ಹೇಳುತ್ತೇವೆ. ಇಲ್ಲಿ ಹಾಸಿಗೆಯ ಉದ್ದವನ್ನು ವರ್ಷವರ್ಷಕ್ಕೂ ಬೇರೆಯವನು ಅಳೆದು ಕತ್ತರಿಸುತ್ತಾನೆ.

ಎಷ್ಟು ಹಣವೆಂದು ಕೇಳುವವರಿಗೆ ಒಂದು ನಿದರ್ಶನ. ಬ್ರಿಟನ್ನಿನ ಸ್ಕೈ ತಂಡವನ್ನು ನಡೆಸುತ್ತಿದ್ದ ಕಂಪನಿ ಅಲ್ಲಿನ ಕಾನೂನಿನಂತೆ ಲೆಕ್ಕಪತ್ರ ಒಪ್ಪಿಸುತ್ತಿತ್ತು. ೨೦೧೮ರಲ್ಲಿ ಅದರ ಖರ್ಚು ೪ ಕೋಟಿ ಪೌಂಡುಗಳನ್ನು ಮೀರಿತ್ತು. ಅದೇ ರಸ್ತೆಯಲ್ಲಿ, ಅದೇ ಬಿಸಿಲಿನಲ್ಲಿ, ಅದರ ಕಾಲುಪಾಲಿಗಿಂತಲೂ ಕಡಮೆ ಹಣದಲ್ಲಿ ನಡೆಯುವ ತಂಡಗಳೂ ಓಡುತ್ತವೆ. ಕೆಳಗಿನ ಶ್ರೇಣಿಯಲ್ಲಂತೂ ಸವಾರನಿಗೆ ಇಷ್ಟಾದರೂ ಸಂಬಳ ಕೊಡಲೇಬೇಕೆಂಬ ಅಂತರರಾಷ್ಟ್ರೀಯ ಕಟ್ಟುಪಾಡೇ ಇಲ್ಲ. ಕೇವಲ ಊಟ, ಪ್ರಯಾಣ, ಒಂದು ಸೈಕಲ್ಲು, ಇಷ್ಟಕ್ಕೇ ತುಳಿಯುವ ಹುಡುಗರು ಬೇಕಾದಷ್ಟು ಮಂದಿ ಇದ್ದಾರೆ.

ತಂಡಗಳಿಗೆ ವರ್ಣಾಶ್ರಮವಿದೆ. ಸ್ವಿಟ್ಜರ್ಲೆಂಡಿನ ಏಗ್ಲ್ ಎಂಬ ಊರಿನಲ್ಲಿರುವ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಸಾಮಾನ್ಯವಾಗಿ ೧೮ ತಂಡಗಳನ್ನು ಮೇಲಿನ ಪಂಕ್ತಿಯಲ್ಲಿ ಕೂರಿಸುತ್ತದೆ. ಅವಕ್ಕೆ ದೊಡ್ಡ ಪಂದ್ಯಗಳಿಗೆಲ್ಲ ಹಕ್ಕಿನ ಪ್ರವೇಶ. ಎರಡನೆಯ ಪಂಕ್ತಿಯವರಲ್ಲಿ ಮುಂದಿನ ಕೆಲವರನ್ನು ಬಿಟ್ಟರೆ ಮಿಕ್ಕವರು ಕರೆಯೋಲೆಗಾಗಿ ಕಾಯಬೇಕು. ಇಲ್ಲಿಯೇ ಬಡ ತಂಡದ ನಿರ್ವಾಹಕ ಸಿಕ್ಕಿಬೀಳುವುದು. ಹಣವಂತನ ಬಳಿ ಹೋದರೆ, ಟೂರ್‌ಗೆ ಕರೆ ಬಂದರೆ ಹಣ ಕೊಡುತ್ತೇನೆನ್ನುತ್ತಾನೆ. ಟೂರ್ ನಡೆಸುವವರ ಬಳಿ ಹೋದರೆ, ಹಣ ತಂದು ಒಳ್ಳೆಯ ಸವಾರರನ್ನು ಸೇರಿಸಿದರೆ ಕರೆಯುತ್ತೇವೆನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಈ ಗಾದೆಯನ್ನು ಮಾಡಿದವರು ಸೈಕಲ್ ತಂಡವನ್ನು ಕಂಡಿದ್ದರೋ ಏನೋ! ಇದರ ಮೇಲೆ ಬ್ಯಾಂಕಿನ ಜಾಮೀನು ಬೇರೆ. ಸಂಬಳ ನಿಂತುಹೋದರೆ ಸವಾರರಿಗೆ ಸ್ವಲ್ಪವಾದರೂ ಸಿಗಲೆಂದು ಒಕ್ಕೂಟ ಮೊದಲೇ ಒಂದು ಮೊತ್ತವನ್ನು ಕಟ್ಟಿಸಿಕೊಳ್ಳುತ್ತದೆ. ಒಳ್ಳೆಯ ನಿಯಮ, ಆದರೆ ಬಡವನಿಗೆ ಅದೂ ಒಂದು ಬೆಟ್ಟ.

ಹೀಗಿರುವಾಗ ಬಡ ತಂಡ ಮಾಡುವುದೇನು? ಅದನ್ನು ತಿಳಿಯಬೇಕಾದರೆ ಗಾಳಿಯ ವಿಷಯ ಒಂದೆರಡು ಮಾತು ಅಗತ್ಯ. ಆಷಾಢದ ಎದುರುಗಾಳಿಯಲ್ಲಿ ಸೈಕಲ್ಲು ತುಳಿದು ಶಾಲೆಗೆ ಬರುವ ಹುಡುಗರನ್ನು ನೋಡಿ. ಒಬ್ಬನ ಬೆನ್ನಿಗೆ ಒಬ್ಬ ಅಂಟಿಕೊಂಡು ಬರುತ್ತಾರೆ. ಅವರಿಗೆ ಭೌತಶಾಸ್ತ್ರವನ್ನು ನಾವು ಕಲಿಸಿದ್ದಲ್ಲ, ಗಾಳಿ ಕಲಿಸಿದ್ದು. ವಿಜಯಪುರ, ಬಾಗಲಕೋಟೆಗಳ ಕಡೆಯ ಸೈಕಲ್ ಪಂದ್ಯಗಳನ್ನು ಕಂಡವರಿಗೂ ಇದು ಹೊಸ ಮಾತಲ್ಲ. ಹಿಂಡಿನ ನಡುವೆ ಅಡಗಿದವನಿಗೆ ಮುಂದಿರುವವನಿಗಿಂತ ಸುಮಾರು ಮೂರನೆಯ ಒಂದು ಪಾಲು ಶ್ರಮ ಉಳಿಯುತ್ತದೆ. ಆದ್ದರಿಂದ ಬೆಳಗ್ಗೆಯೇ ಹಿಂಡನ್ನು ಬಿಟ್ಟು ಮುಂದೆ ಓಡಿಹೋದ ಇಬ್ಬರು ಮೂವರನ್ನು ನೂರೈವತ್ತು ಮಂದಿಯ ಹಿಂಡು ಸಂಜೆಯ ಹೊತ್ತಿಗೆ ಹಿಡಿದುಹಾಕುವುದು ಹೆಚ್ಚುಕಡಮೆ ನಿಶ್ಚಿತ. ಓಡುವವರಿಗೂ ಇದು ಗೊತ್ತು. ಗೊತ್ತಿದ್ದೂ ಓಡುತ್ತಾರೆ. ಏಕೆಂದರೆ ಟೆಲಿವಿಷನ್ನಿನ ಮೋಟಾರ್ ಸೈಕಲ್ಲು ಅವರ ಪಕ್ಕದಲ್ಲಿಯೇ ಬರುತ್ತದೆ, ಅವರ ಎದೆಯ ಮೇಲಿನ ಹೆಸರನ್ನು ಮೂರು ನಾಲ್ಕು ಗಂಟೆ ಲೋಕಕ್ಕೆಲ್ಲ ತೋರಿಸುತ್ತದೆ. ಸೋಲನ್ನು ಮುಂಗಡವಾಗಿ ಒಪ್ಪಿಕೊಂಡು ಅದಕ್ಕೆ ಬೆಲೆ ಕಟ್ಟಿಸಿಕೊಳ್ಳುವ ವಿಚಿತ್ರ ವ್ಯಾಪಾರ ಇದು.

ಬೆಲ್ಜಿಯಮ್ಮಿನಲ್ಲಿ ವಾಂಟಿ ಎಂಬ ಕಟ್ಟಡ, ರಸ್ತೆ ಕೆಲಸಗಳ ಕಂಪನಿಯ ಹೆಸರನ್ನು ಹೊತ್ತ ಒಂದು ಎರಡನೆಯ ಪಂಕ್ತಿಯ ತಂಡವಿತ್ತು. ೨೦೧೭ರಲ್ಲಿ ಅದಕ್ಕೆ ಮೊದಲ ಸಲ ಟೂರ್‌ನ ಕರೆಯೋಲೆ ಬಂತು. ಎರಡನೆಯ ದಿನ ಜರ್ಮನಿಯ ಡ್ಯೂಸೆಲ್ಡಾರ್ಫಿನಿಂದ ಬೆಲ್ಜಿಯಮ್ಮಿನ ಲಿಯೇಜ್‌ಗೆ ದಾರಿ, ಎಂದರೆ ಹಣ ಕೊಟ್ಟವರ ಸೀಮೆಗೆ. ವಾಂಟಿಯ ಯೊಆನ್ ಒಫ್ರೆದೊ ಅಂದು ಮುಂದೆ ಓಡಿದವರಲ್ಲಿ ಒಬ್ಬ. ಮಳೆಯಲ್ಲಿ ದಿನವೆಲ್ಲ ತುಳಿದು, ಕೊನೆಯ ಒಂದು ಕಿಲೋಮೀಟರಿನ ಸನಿಹದಲ್ಲಿ ಅಮೆರಿಕದ ಟೇಲರ್ ಫಿನ್ನಿಯೊಡನೆ ಹಿಂಡಿನ ಬಾಯಿಗೆ ಬಿದ್ದನು. ನಾಲ್ಕನೆಯ ದಿನ ಅದೇ ತಂಡದ ಗಿಯೋಮ್ ವಾನ್ ಕೈರ್ಸ್‌ಬುಲ್ಕ್ ಹೊರಟನು. ಯಾರಾದರೂ ಜೊತೆಗೆ ಬಂದಾರೆಂದು ತಿರುಗಿ ನೋಡಿದರೆ ಯಾರೂ ಇಲ್ಲ. ಸುಮಾರು ೧೯೦ ಕಿಲೋಮೀಟರು ಒಬ್ಬನೇ. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಹಾಸನ ದಾಟಿದಷ್ಟು ದೂರ. ಕೊನೆಗೆ ಹಿಂಡು ಹಿಡಿಯಿತು. ಮಾರನೆಯ ದಿನದ ಪತ್ರಿಕೆಗಳಲ್ಲಾದರೂ ಅವನ ಚಿತ್ರ ದೊಡ್ಡದಾಗಿ ಬಂದೀತೆಂದರೆ, ಅಂದೇ ಸಂಜೆ ಗುರಿಯ ಹತ್ತಿರ ಸಾಗನ್, ಕವೆಂಡಿಶ್ ಎಂಬ ಇಬ್ಬರು ಪ್ರಸಿದ್ಧರು ಡಿಕ್ಕಿಯಾಗಿ, ಒಬ್ಬನ ಭುಜ ಮುರಿದು, ಮತ್ತೊಬ್ಬನನ್ನು ಪಂದ್ಯದಿಂದಲೇ ಹೊರಹಾಕಿ, ಸುದ್ದಿಯೆಲ್ಲ ಅವರದಾಯಿತು. ಇದನ್ನು ಕಂಡು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ದಿನ ಆ ಮನುಷ್ಯ ತನ್ನ ಸಂಗಡಿಗರ, ಮೆಕ್ಯಾನಿಕ್ಕುಗಳ, ಆರೈಕೆಗಾರರ ಮುಂದಿನ ವರ್ಷದ ಅನ್ನವನ್ನು ಒಬ್ಬನೇ ಎಳೆದನು.

ಈ ವಾಂಟಿಯ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆನಿಸುತ್ತದೆ. ಟೂರ್‌ಗೆ ಹೋಗುವ ಹಿಂದಿನ ವರ್ಷ, ೨೦೧೬ರ ಮಾರ್ಚ್ ೨೭ರಂದು, ಗೆಂಟ್-ವೆವೆಲ್ಗೆಮ್ ಎಂಬ ಪಂದ್ಯದಲ್ಲಿ ಅದರ ೨೫ ವರ್ಷದ ಸವಾರ ಆಂತ್ವಾನ್ ದೆಮ್ವಾತಿಯೆ ಕೆಳಗೆ ಬಿದ್ದನು. ಹಿಂದಿನಿಂದ ಬಂದ ಪಂದ್ಯದ ಮೋಟಾರ್ ಸೈಕಲ್ಲು ಅವನಿಗೆ ಬಡಿಯಿತು. ಆಸ್ಪತ್ರೆಯಲ್ಲಿ ತೀರಿಕೊಂಡನು. ಸಣ್ಣ ತಂಡವೆಂದರೆ ಒಂದು ಮನೆ. ದೊಡ್ಡ ತಂಡದಲ್ಲಿ ಮುಖವೇ ಕಾಣದ ಸಂಗಡಿಗರಿರಬಹುದು, ಇಲ್ಲಿ ಹಾಗಿಲ್ಲ. ಸರಿಯಾಗಿ ಮೂರು ವಾರಗಳ ಮೇಲೆ ಏಪ್ರಿಲ್ ೧೭ರಂದು ಹಾಲೆಂಡಿನ ಆಮ್‌ಸ್ಟೆಲ್ ಪಂದ್ಯವನ್ನು ಅದೇ ತಂಡದ ಎನ್ರಿಕೊ ಗಾಸ್ಪರೊಟ್ಟೊ ಗೆದ್ದನು. ಗುರಿ ದಾಟುವಾಗ ಬೆರಳನ್ನು ಆಕಾಶಕ್ಕೆ ಎತ್ತಿದನು.

೨೦೨೦ ಕೊರೋನಾದ ವರ್ಷ. ಚಪ್ಪಲಿ ಬೂಟುಗಳ ವ್ಯಾಪಾರದ ಪೋಲೆಂಡಿನ ಸಿ.ಸಿ.ಸಿ. ಎಂಬ ಸಂಸ್ಥೆ ತಾನು ಸಾಕಿದ್ದ ಅಗ್ರಶ್ರೇಣಿಯ ತಂಡವನ್ನು ಕೈಬಿಟ್ಟಿತು. ಅಂಗಡಿಗಳೇ ಮುಚ್ಚಿರುವಾಗ ಅದನ್ನು ದೂರುವಂತೆಯೂ ಇಲ್ಲ. ಹಾಗೆ ಖಾಲಿಯಾದ ಪರವಾನಗಿಯನ್ನು ವಾಂಟಿಯವರು ಕೊಂಡು, ಅಂತೆರ್ಮಾರ್ಶೆ ಎಂಬ ಕಿರಾಣಿ ಅಂಗಡಿಗಳ ಬಳಗದ ನೆರವಿನಿಂದ ೨೦೨೧ರಲ್ಲಿ ಮೇಲಿನ ಪಂಕ್ತಿಗೆ ಬಂದು ಕುಳಿತರು. ಕುಳಿತರೇನೋ ನಿಜ, ಎಲೆಯ ಮೇಲೆ ಬಡಿಸಿದ್ದು ಕಡಮೆ. ಅವರು ಸೇರಿಸಿಕೊಂಡವರಲ್ಲಿ ಹಲವರು ಬೇರೆಡೆ ಬೇಡವಾದವರು. ಅವರಲ್ಲೊಬ್ಬ, ಟಾಕೊ ವಾನ್ ಡರ್ ಹೋರ್ನ್ ಎಂಬ ಡಚ್ಚಿಗ, ಅದೇ ಮೇ ತಿಂಗಳಲ್ಲಿ ಇಟಲಿಯ ಮಹಾಪಂದ್ಯದ ಮೂರನೆಯ ಮಜಲಿನಲ್ಲಿ ದಿನವೆಲ್ಲ ಮುಂದೆ ಓಡಿ, ಹಿಂಡಿಗಿಂತ ನಾಲ್ಕೇ ಸೆಕೆಂಡು ಮೊದಲು ಗುರಿ ಮುಟ್ಟಿದನು. ಮುಂಗಡವಾಗಿ ಒಪ್ಪಿಕೊಂಡ ಸೋಲು ಎಂದೆನಷ್ಟೆ. ಎಂದೋ ಒಮ್ಮೆ ಆ ಒಪ್ಪಂದ ಮುರಿಯುವುದೂ ಉಂಟು. ಗೆರೆ ದಾಟಿದ ಮೇಲೆ ಅವನ ಮುಖದಲ್ಲಿ ಕಂಡದ್ದು ಹಿಗ್ಗಿಗಿಂತ ಮೊದಲು ಅಪನಂಬಿಕೆ.

ಆ ವರ್ಷವೇ ಫ್ರಾನ್ಸಿನ ಡೆಲ್ಕೊ ಎಂಬ ಬಡ ತಂಡದಲ್ಲಿ ಸಂಬಳ ಹೊತ್ತಿಗೆ ಸರಿಯಾಗಿ ಬರುವುದು ನಿಂತಿತು. ಅಲ್ಲಿ ಆಫ್ರಿಕದ ಎರಿಟ್ರಿಯ ದೇಶದಿಂದ ಬಂದ, ಆಸ್ಮರಾ ಊರಿನ ಹುಡುಗನೊಬ್ಬನಿದ್ದ, ಬಿನಿಯಾಮ್ ಗಿರ್ಮಾಯ್. ವಯಸ್ಸು ೨೧. ವರ್ಷದ ನಡುವೆಯೇ ಅವನನ್ನು ವಾಂಟಿಯವರು ಕರೆದುಕೊಂಡರು. ಡೆಲ್ಕೊ ವರ್ಷದ ಕೊನೆಗೆ ಬಾಗಿಲು ಹಾಕಿತು. ೨೦೨೨ರ ಮಾರ್ಚ್ ೨೭ರಂದು, ದೆಮ್ವಾತಿಯೆ ಬಿದ್ದ ಅದೇ ತಾರೀಖು, ಅದೇ ಗೆಂಟ್-ವೆವೆಲ್ಗೆಮ್ ಪಂದ್ಯವನ್ನು ಗಿರ್ಮಾಯ್ ಗೆದ್ದನು. ಮೇ ತಿಂಗಳಲ್ಲಿ ಇಟಲಿಯಲ್ಲಿ ಒಂದು ಮಜಲು ಗೆದ್ದು, ವಿಜಯದ ವೇದಿಕೆಯ ಮೇಲೆ ಪಾನೀಯದ ಬಾಟಲಿಯ ಬಿರಟೆ ಸಿಡಿದು ಕಣ್ಣಿಗೆ ಬಡಿದು, ಆಸ್ಪತ್ರೆ ಸೇರಿ ಪಂದ್ಯವನ್ನೇ ಬಿಡಬೇಕಾಯಿತು. ವಿಧಿ ಯಾವ ಸಂದಿಯಿಂದ ಬರುತ್ತದೆಂದು ಹೇಳಬಲ್ಲವರಾರು! ೨೦೨೪ರ ಜುಲೈ ೧ರಂದು ಟ್ಯೂರಿನ್ನಿನಲ್ಲಿ ಟೂರ್‌ನ ಮಜಲನ್ನು ಗೆದ್ದ ಮೊದಲ ಕಪ್ಪು ಆಫ್ರಿಕನ್ನನೆಂಬ ಕೀರ್ತಿ ಅವನದಾಯಿತು. ಅದೇ ಟೂರ್‌ನಲ್ಲಿ ಇನ್ನೆರಡು ಮಜಲುಗಳು, ಕೊನೆಗೆ ಅಂಕಗಳಲ್ಲಿ ಮೊದಲಿಗನಿಗೆ ಸಲ್ಲುವ ಹಸಿರು ಅಂಗಿ. ಕೋಟಿ ಕೋಟಿ ಸುರಿದ ತಂಡಗಳ ನಡುವೆ ಕಿರಾಣಿ ಅಂಗಡಿಯ ಹೆಸರು ಹೊತ್ತ ತಂಡ ಇದನ್ನು ಸಾಧಿಸಿತು.

ಎಲ್ಲರ ಕಥೆಯೂ ಹೀಗಲ್ಲ. ಸಸ್ಯಾಹಾರಿಗಳಾದ ನಮಗೆ ಕುತೂಹಲ ತರುವ ಒಂದು ತಂಡ ಇಂಗ್ಲೆಂಡಿನಲ್ಲಿತ್ತು. ಗಾಯಕ ಪಾಲ್ ಮೆಕಾರ್ಟ್ನಿಯ ಪತ್ನಿ ಲಿಂಡಾ ಆರಂಭಿಸಿದ ಶಾಕಾಹಾರದ ಹೆಸರಿನಲ್ಲಿ ೧೯೯೮ರಲ್ಲಿ ಹುಟ್ಟಿದ್ದು. ಮಾಂಸವಿಲ್ಲದೆಯೂ ಬೆಟ್ಟ ಹತ್ತಬಹುದೆಂದು ತೋರಿಸುವುದು ಉದ್ದೇಶ; ೨೦೦೦ದಲ್ಲಿ ಇಟಲಿಯ ಮಹಾಪಂದ್ಯಕ್ಕೆ ಹೋಗಿ, ಆಸ್ಟ್ರೇಲಿಯದ ಡೇವಿಡ್ ಮೆಕೆನ್ಜಿ ಒಂದು ಮಜಲನ್ನೂ ಗೆದ್ದುಕೊಟ್ಟನು. ಮುಂದಿನ ವರ್ಷಕ್ಕೆ ದೊಡ್ಡ ಆಸೆ. ಹೊಸ ಪೋಷಕರು ಬರುತ್ತಾರೆಂದು ಸವಾರರನ್ನು ಸೇರಿಸಿದ್ದಾಯಿತು. ೨೦೦೧ರ ಜನವರಿಯಲ್ಲಿ ತಂಡವನ್ನು ಲೋಕಕ್ಕೆ ಪರಿಚಯಿಸಲೆಂದು ಲಂಡನ್ನಿಗೆ ಎಲ್ಲರನ್ನೂ ಕರೆಸಿದರು. ಅಲ್ಲಿ ಬಂದಿಳಿದವರಿಗೆ ಸಿಕ್ಕ ಸುದ್ದಿ, ಹಣವಿಲ್ಲ, ತಂಡವಿಲ್ಲ ಎಂಬುದು. ಆ ಚಳಿಯಲ್ಲಿ ಕೆಲಸ ಕಳೆದುಕೊಂಡು ನಿಂತವರಲ್ಲಿ ೨೦ ವರ್ಷದ ಬ್ರ್ಯಾಡ್ಲಿ ವಿಗಿನ್ಸ್ ಒಬ್ಬ. ಹನ್ನೊಂದು ವರ್ಷಗಳ ಮೇಲೆ, ೨೦೧೨ರಲ್ಲಿ, ಟೂರ್ ಗೆದ್ದ ಮೊದಲ ಬ್ರಿಟಿಷನು ಅವನೇ. ಗೆದ್ದದ್ದು ಮೇಲೆ ಹೇಳಿದ ಸಾಹುಕಾರ ಸ್ಕೈ ತಂಡದಿಂದ.

ಪೋಷಕರ ಹಂಗೇ ಬೇಡವೆಂದು ಹೊರಟವರೂ ಉಂಟು. ಐರ್ಲೆಂಡಿನ ಆಕ್ವಾ ಬ್ಲೂ ಎಂಬ ತಂಡ ೨೦೧೭ರಲ್ಲಿ ಶುರುವಾದಾಗ ಅದರ ಧಣಿಯ ಯೋಚನೆ ಚೆನ್ನಾಗಿಯೇ ಇತ್ತು. ಇಂಟರ್‌ನೆಟ್ಟಿನಲ್ಲಿ ಸೈಕಲ್ ಸಾಮಾನಿನ ಅಂಗಡಿ ತೆರೆಯುವುದು, ಅದರ ಲಾಭದಿಂದ ತಂಡ ಸಾಕುವುದು. ತಂಡ ಅಂಗಡಿಗೆ ಜಾಹೀರಾತು, ಅಂಗಡಿ ತಂಡಕ್ಕೆ ಅನ್ನ. ಅದೇ ವರ್ಷ ಸ್ಪೇನಿನ ಮಹಾಪಂದ್ಯದ ನಡುವೆ ಯಾರೋ ದುರುಳರು ರಾತ್ರಿ ಅವರ ಬಸ್ಸಿಗೆ ಬೆಂಕಿಯಿಟ್ಟರು. ಬಸ್ಸು ಸುಟ್ಟರೂ ಎದೆಗುಂದದೆ ಒಂದು ಮಜಲನ್ನು ಗೆದ್ದರು; ಗೆದ್ದವನು ರಕ್ತದ ಕಪಟದಲ್ಲಿ ಮುಂದೆ ಸಿಕ್ಕಿಬಿದ್ದು ಆ ಗೆಲುವೂ ಅಳಿಸಿಹೋಯಿತು. ಅಂಗಡಿಯ ಲಾಭ ತಂಡದ ಹೊಟ್ಟೆಗೆ ಸಾಲಲಿಲ್ಲ. ೨೦೧೮ರ ಆಗಸ್ಟಿನಲ್ಲಿ ತಂಡ ನಿಂತಿತು. ಆಗಸ್ಟು ಎಂದರೆ ಮಿಕ್ಕ ತಂಡಗಳು ಮುಂದಿನ ವರ್ಷಕ್ಕೆ ಸವಾರರನ್ನು ಗೊತ್ತುಮಾಡಿ ಮುಗಿಸುತ್ತಿರುವ ಕಾಲ. ಆಗ ಬೀದಿಗೆ ಬಿದ್ದವನು, ಶಾಲೆ ಶುರುವಾದ ಮೇಲೆ ಸೀಟು ಕೇಳಿಕೊಂಡು ಬಂದ ಹುಡುಗನಂತೆ.

ಇದು ಸೋತವರ ಪಾಡು ಮಾತ್ರವೆಂದು ತಿಳಿಯಬಾರದು. ೨೦೧೭ರ ಟೂರ್‌ನಲ್ಲಿ ಕೊಲಂಬಿಯದ ರಿಗೊಬೆರ್ತೊ ಉರಾನ್ ೫೪ ಸೆಕೆಂಡುಗಳ ಅಂತರದಲ್ಲಿ ಎರಡನೆಯವನಾದನು. ಒಂದು ತಿಂಗಳು ಕಳೆದ ಕೆಲವೇ ದಿನಗಳಲ್ಲಿ ಅವನ ಅಮೆರಿಕನ್ ತಂಡ, ಮುಂದಿನ ವರ್ಷಕ್ಕೆ ೭೦ ಲಕ್ಷ ಡಾಲರು ಕೊರತೆಯಿದೆ, ಸವಾರರು ಬೇರೆ ಕೆಲಸ ನೋಡಿಕೊಳ್ಳಬಹುದು ಎಂದು ಪ್ರಕಟಿಸಿತು. ಲೋಕದಲ್ಲಿ ಎರಡನೆಯವನು, ಕೈಯಲ್ಲಿ ಕೆಲಸವಿಲ್ಲ! ಅಭಿಮಾನಿಗಳು ಜೋಳಿಗೆಗೆ ಹಾಕಿದ ಹಣವೇ ೫ ಲಕ್ಷ ಡಾಲರಿನಷ್ಟಾಯಿತು. ಕೊನೆಗೆ ಇ.ಎಫ್. ಎಂಬ ಶಿಕ್ಷಣ ಸಂಸ್ಥೆ ಮುಂದೆ ಬಂದು ತಂಡವನ್ನು ಉಳಿಸಿತು. ಬಾಸ್ಕರ ನಾಡಿನ ಕಿತ್ತಳೆ ಅಂಗಿಯ ತಂಡಕ್ಕಂತೂ ೧೯೯೪ರ ಆರಂಭದಲ್ಲಿ ಊರವರೇ ಚಂದಾ ಕೊಟ್ಟಿದ್ದರು. ಬೆಟ್ಟದ ದಾರಿಯೆಲ್ಲ ಕಿತ್ತಳೆ ಬಣ್ಣವಾಗುವಷ್ಟು ಅಭಿಮಾನ. ೨೦೧೩ರಲ್ಲಿ ಅಲ್ಲಿನ ದೂರವಾಣಿ ಕಂಪನಿ ಹಿಂದೆ ಸರಿದಾಗ, ಮೋಟಾರ್ ಪಂದ್ಯದ ಫರ್ನಾಂಡೊ ಅಲೊನ್ಸೊ ಕೊಳ್ಳುತ್ತಾನೆಂಬ ಸುದ್ದಿ ಹರಡಿ, ಮಾತುಕತೆ ಮುರಿದು, ತಂಡ ಮುಚ್ಚಿತು.

ಪಂದ್ಯ ನಡೆಸುವವರು ಟೆಲಿವಿಷನ್ನಿನ ಹಣದಲ್ಲಿ ತಂಡಗಳಿಗೂ ಪಾಲು ಕೊಡಲಿ ಎಂಬ ವಾದ ಬಹಳ ವರ್ಷಗಳಿಂದ ನಡೆದಿದೆ. ನಡೆಸುವವರ ಉತ್ತರವೂ ಹುರುಳಿಲ್ಲದ್ದಲ್ಲ. ಟೂರ್ ಒಂದರಲ್ಲಿ ಲಾಭವಿರಬಹುದು, ಆ ಲಾಭದಿಂದಲೇ ನಷ್ಟದ ಸಣ್ಣ ಪಂದ್ಯಗಳನ್ನೂ ನಡೆಸುತ್ತೇವೆ. ಹಂಚಿದರೆ ಒಂದೊಂದು ತಂಡಕ್ಕೆ ಸಿಗುವುದು ಅದರ ಖರ್ಚಿನಲ್ಲಿ ಅಲ್ಪಪಾಲು ಎನ್ನುತ್ತಾರೆ. ಇರಬಹುದು. ಆದರೆ ಅಲ್ಪಪಾಲಾದರೂ ವರ್ಷವರ್ಷವೂ ತಪ್ಪದೆ ಬರುವುದೆಂಬ ಭರವಸೆಗೆ ಬೇರೆಯೇ ಬೆಲೆಯಿದೆ. ತಿಂಗಳ ಸಂಬಳದವನಿಗೂ ದಿನಗೂಲಿಯವನಿಗೂ ಇರುವ ಭೇದ ಅದು. ಇಂದು ತಂಡಕ್ಕೆ ತನ್ನದೆಂಬ ಒಂದು ಅಂಗುಲ ನೆಲವಿಲ್ಲ. ಹತ್ತು ವರ್ಷ ದುಡಿದರೂ ಮಾರುವುದಕ್ಕೆ ಉಳಿಯುವುದು ಹಳೆಯ ಬಸ್ಸು, ನಾಲ್ಕಾರು ಕಾರು, ಒಂದಿಷ್ಟು ಚಕ್ರಗಳು.

ಗಿರ್ಮಾಯ್ ಹಸಿರು ಅಂಗಿ ತೊಟ್ಟ ಮರುವರ್ಷವೇ, ೨೦೨೫ರಲ್ಲಿ, ಅವನ ತಂಡದ ಹಣದ ತೊಂದರೆ ಹೊರಬಿತ್ತು. ಬೆಲ್ಜಿಯಮ್ಮಿನ ಇನ್ನೊಂದು ತಂಡ, ೧೯೮೫ರಿಂದ ಅಲ್ಲಿನ ಲಾಟರಿ ಸಾಕುತ್ತ ಬಂದ ಲೊಟ್ಟೊ, ಅದರೊಡನೆ ಕೂಡಿಕೊಳ್ಳುವುದೆಂದು ತೀರ್ಮಾನವಾಯಿತು. ೨೦೨೬ಕ್ಕೆ ಎರಡು ಹೆಸರು ಸೇರಿದ ಒಂದೇ ತಂಡ. ಎರಡು ಮನೆಯವರು ಒಂದೇ ಮನೆಗೆ ಬಂದರು. ಕೋಣೆಗಳು ಮಾತ್ರ ಒಂದು ಮನೆಯವೇ. ಮೂವತ್ತರಷ್ಟು ಸವಾರರಿಗೆ ಜಾಗ. ಮಿಕ್ಕ ಸವಾರರೂ, ಅವರ ಹಿಂದೆ ದುಡಿದ ಮೆಕ್ಯಾನಿಕ್ಕುಗಳು, ಚಾಲಕರು, ಆರೈಕೆಗಾರರೂ ಚಳಿಗಾಲದಲ್ಲಿ ಬೇರೆ ಬಾಗಿಲುಗಳನ್ನು ತಟ್ಟಬೇಕಾಯಿತು. ಗಿರ್ಮಾಯ್ ಇನ್ನೊಂದು ತಂಡದ ಅಂಗಿ ತೊಟ್ಟನು.